ಮಿದುಳು, ಬೆನ್ನುಹುರಿಯ ಅಪರೂಪದ ಗಂಟು: ಎಂಆರ್‌ಐ ಕೈಗೆ ಬಂದ ದಿನದಿಂದ ಮನೆಗೆ ಮರಳುವವರೆಗೆ

ಹಾಸನದಲ್ಲಿ ಹದಿನಾರು ವರ್ಷದಿಂದ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಸೊಂಟನೋವು, ಮಂಡಿನೋವು, ಸ್ಟ್ರೋಕ್ ಆದವರ ಕೈಕಾಲು, ದಿನದ ಕೆಲಸ ಬಹುಪಾಲು ಇಷ್ಟೇ. ಅಪರೂಪದ ಕಾಯಿಲೆ ಅನ್ನುವುದು ಪುಸ್ತಕದಲ್ಲಿ ಇರುವಂಥದ್ದು, ನಮ್ಮ ಬಾಗಿಲಿಗೆ ಬರುವಂಥದ್ದಲ್ಲ ಅಂದುಕೊಂಡಿದ್ದೆ. ಅದು ಬಂದಿದ್ದು ನಮ್ಮ ದೊಡ್ಡಪ್ಪನ ಕಾಲಲ್ಲೇ.

ಮೂಡಿಗೆರೆ ಕಡೆ ಅವರದ್ದು ನಾಲ್ಕೆಕರೆ ಕಾಫಿ. ಆ ವರ್ಷದ ಕುಯ್ಲಿನ ಹೊತ್ತಿಗೆ "ಏರು ಹತ್ತೋವಾಗ ಕಾಲು ಸೋಲ್ತದೆ ಕಣೋ, ಸ್ವಲ್ಪ ಕೂತ್ರೆ ಸರಿಹೋಗ್ತದೆ" ಅನ್ನತೊಡಗಿದರು. ಸೊಂಟದ ಎಂಆರ್‌ಐ ಆಯಿತು. ನಾಲ್ಕು ಮತ್ತು ಐದನೇ ಮೂಳೆಯ ನಡುವೆ ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟು ಬಂತು. ಅರವತ್ತು ದಾಟಿದ ರೈತನ ಸೊಂಟದಲ್ಲಿ ಡಿಸ್ಕ್ ಉಬ್ಬಿರದಿದ್ದರೆ ಅದೇ ಸುದ್ದಿ. ಆದರೂ ಅದನ್ನು ನಂಬಿ ಹನ್ನೆರಡು ದಿನ ಟ್ರಾಕ್ಷನ್, ಅಂದರೆ ಭಾರ ಕಟ್ಟಿ ಸೊಂಟ ಎಳೆಯುವ ಚಿಕಿತ್ಸೆ, ಹಾಕಿದವನು ನಾನೇ. ಆಮೇಲೆ ಇನ್ನೊಂದು ಕಡೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಎರಡನೇ ದಿನಕ್ಕೆ ಎರಡೂ ಕಾಲು ಹಾಸಿಗೆ ಹಿಡಿದವು. ದೊಡ್ಡಮ್ಮ ಆಗ ಹೇಳಿದ ಒಂದು ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಹದಿನೈದು ದಿವಸದಿಂದ ತೋಟದಿಂದ ಬರೋವಾಗ ಒಂದೇ ಚಪ್ಪಲಿ ಇರ್ತಿತ್ತಪ್ಪ. ಇನ್ನೊಂದು ಎಲ್ಲಿ ಜಾರ್ತು ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ."

ಕಾಲಿಂದ ಚಪ್ಪಲಿ ಜಾರಿದ್ದು ಗೊತ್ತಾಗಲಿಲ್ಲ ಅಂದರೆ ತೊಂದರೆ ಸೊಂಟದ ಡಿಸ್ಕಿನದ್ದಲ್ಲ, ಬೆನ್ನುಹುರಿಯದ್ದಿರಬಹುದು ಅಂತ ಓದಿದವನಿಗೆ ಗೊತ್ತಿರಬೇಕು. ನಾನು ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಬೆನ್ನುಹುರಿಯ ಹೊದಿಕೆಯಲ್ಲಿ ಒಂದು ಸಣ್ಣ ಅಪಧಮನಿ ನೇರವಾಗಿ ಅಭಿಧಮನಿಗೆ ಸೇರಿಕೊಂಡಿದ್ದು. ಡ್ಯೂರಲ್ ಫಿಸ್ಟುಲ ಅನ್ನುತ್ತಾರೆ. ಗಂಟೂ ಅಲ್ಲ, ಕ್ಯಾನ್ಸರೂ ಅಲ್ಲ. ಅಲ್ಲಿ ರಕ್ತದ ಒತ್ತಡ ಹಿಮ್ಮೆಟ್ಟಿ ಹುರಿ ಊದಿಕೊಳ್ಳುತ್ತದೆ. ನಡೆದಷ್ಟೂ ಕಾಲು ಸೋಲುವುದು, ಸ್ಟೀರಾಯ್ಡ್ ಕೊಟ್ಟರೆ ಕೆಡುವುದು, ಎರಡೂ ಈ ಕಾಯಿಲೆಯ ಗುಣವೇ.

ಅಲ್ಲಿಂದ ಈಚೆಗೆ ಮಿದುಳು, ಬೆನ್ನುಹುರಿಯ ಗಂಟೋ ಇಂಥದ್ದೇ ಅಪರೂಪದ ಕಾಯಿಲೆಯೋ ಬಂದು ಈ ದಾರಿಯಲ್ಲಿ ಹೋಗಿಬಂದ ಹತ್ತಾರು ಮನೆಯವರ ಜೊತೆ ಕೂತಿದ್ದೇನೆ. ಅದರಲ್ಲಿ ಕಲಿತದ್ದನ್ನು ಬರೆದಿಟ್ಟಿದ್ದೇನೆ. ನಾನು ಸರ್ಜನ್ ಅಲ್ಲ. ಔಷಧಿ, ಆಪರೇಷನ್ನಿನ ತೀರ್ಮಾನ ನಿಮ್ಮ ಡಾಕ್ಟರದ್ದೇ.

ಮೊದಲ ಹೆಜ್ಜೆ: ಮನೆಯಲ್ಲೇ ಗಮನಿಸಬೇಕಾದ್ದು

ನೋವು ಎಷ್ಟಿದೆ ಅನ್ನುವುದಕ್ಕಿಂತ ಏನು ಮಾಡಲಾಗುತ್ತಿಲ್ಲ ಅನ್ನುವುದನ್ನು ನೋಡಿ. ಚಪ್ಪಲಿಯ ವಿಷಯ ಹೇಳಿಯಾಯಿತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಮೈ ಓಲಾಡಿ ಗೋಡೆ ಹಿಡಿಯುತ್ತಾರಾ? ಅಂಗಿ ಗುಂಡಿ ಹಾಕಲು, ಅನ್ನ ಕಲಸಲು ಬೆರಳು ತಡವರಿಸುತ್ತವಾ? ಕಾಲು ಬಿಗಿದುಕೊಂಡು ಮರದ ಕೊರಡಿನ ಹಾಗೆ ಆಗಿದೆಯಾ? ಮೂತ್ರಕ್ಕೆ ಕೂತರೆ ತಿಣುಕಬೇಕಾ? ಎದೆಗೋ ಹೊಟ್ಟೆಗೋ ಹಗ್ಗ ಕಟ್ಟಿ ಬಿಗಿದಂಥ ಅನುಭವ ಇದೆಯಾ? ಇವೆಲ್ಲ ಹುರಿಯ ಲಕ್ಷಣಗಳು.

ಇಲ್ಲಿ ಒಂದು ಅಂಗರಚನೆಯ ವಿಷಯ ತಿಳಿದಿದ್ದರೆ ಎಷ್ಟೋ ತಪ್ಪು ತಪ್ಪುತ್ತದೆ. ನಮ್ಮ ಬೆನ್ನುಹುರಿ ಸೊಂಟದ ಕೆಳಗಿನವರೆಗೆ ಇರುವುದಿಲ್ಲ. ಸೊಂಟದ ಮೊದಲನೇ, ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ಕುದುರೆ ಬಾಲದಂಥ ನರಗಳ ಗೊಂಚಲು. ಹಾಗಾಗಿ ಕಾಲು ಬಿಗಿಯಾಗಿದ್ದು, ಮಂಡಿಗೆ ಸುತ್ತಿಗೆ ತಟ್ಟಿದರೆ ಕಾಲು ಜೋರಾಗಿ ಚಿಮ್ಮುತ್ತಿದ್ದರೆ ಅದಕ್ಕೆ ಸೊಂಟದ ನಾಲ್ಕನೇ ಮೂಳೆಯ ಡಿಸ್ಕ್ ಕಾರಣ ಆಗಲಾರದು. ಮೇಲೆ ಹುಡುಕಬೇಕು.

ಮಿದುಳಿನ ಕಡೆಯಿಂದ: ಬೆಳಗಿನ ಜಾವ ಎಬ್ಬಿಸುವ ತಲೆನೋವು, ಅದರ ಜೊತೆ ವಾಂತಿ, ಕಣ್ಣು ಮಂಜು, ಹಿಂದೆಂದೂ ಇಲ್ಲದ ಫಿಟ್ಸ್, ಒಂದು ಕಿವಿ ಮಾತ್ರ ಮಂದವಾಗುವುದು, ಮಕ್ಕಳಾದರೆ ಎತ್ತರ ಬೆಳೆಯದೆ ಲೋಟಗಟ್ಟಲೆ ನೀರು ಕುಡಿಯುವುದು.

ಹಸುಗೂಸಿನ ಬೆನ್ನಿನ ಕೆಳಗೆ ಕೂದಲ ಕುಚ್ಚು ಇದ್ದರೆ ನಮ್ಮ ಕಡೆ ಅಜ್ಜಿಯರು ಅದೃಷ್ಟದ ಗುರುತು ಅನ್ನುತ್ತಾರೆ. ದಯವಿಟ್ಟು ಅಲ್ಲೊಂದು ಎಂಆರ್‌ಐ ಮಾಡಿಸಿ. ಹುರಿ ಎರಡಾಗಿ ಸೀಳಿ ನಡುವೆ ಮೂಳೆಯ ಮುಳ್ಳು ಸಿಕ್ಕಿಕೊಂಡಿರುವ ಮಕ್ಕಳಲ್ಲಿ ಎಷ್ಟೋ ಸಲ ಹೊರಗೆ ಕಾಣುವುದು ಆ ಕುಚ್ಚು ಒಂದೇ. ಮಗು ಬೆಳೆದಂತೆ ಹುರಿ ಎಳೆದುಕೊಂಡು ಪಾದ ಸೊಟ್ಟಗಾಗುವುದು, ಹಾಸಿಗೆ ಒದ್ದೆಯಾಗುವುದು ಶುರುವಾಗುತ್ತದೆ.

ಕಾಯದೆ ಅದೇ ರಾತ್ರಿ ಹೊರಡಬೇಕಾದ್ದು ಯಾವಾಗ? ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಹೋದರೆ, ಕಾಲಿನ ಬಲ ಗಂಟೆಗಂಟೆಗೂ ಇಳಿಯುತ್ತಿದ್ದರೆ, ಸಿಡಿಲು ಬಡಿದಂಥ ತಲೆನೋವು ಬಂದರೆ, ಪ್ರಜ್ಞೆ ಮಂಕಾದರೆ, ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದವರನ್ನು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ ಬೇಡ, ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿಯೂ ಬೇಡ.

ಎರಡನೇ ಹೆಜ್ಜೆ: ಸರಿಯಾದ ಸ್ಕ್ಯಾನು

ದೊಡ್ಡಪ್ಪನ ಮೊದಲನೇ ಫಿಲ್ಮನ್ನು ಎಷ್ಟೋ ತಿಂಗಳಾದ ಮೇಲೆ ಮತ್ತೆ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಸೊಂಟದ ಸ್ಕ್ಯಾನಿನ ಮೇಲಂಚಿನಲ್ಲಿ, ಚಿತ್ರ ಮುಗಿಯುವ ಕಡೆ, ಹುರಿಯ ತುದಿ ಒಂದಿಷ್ಟೇ ಕಾಣುತ್ತದೆ. ಅದು ಬೆಳ್ಳಗೆ ಊದಿತ್ತು. ಅದರ ಹಿಂದೆ ಒದ್ದೆ ಮಣ್ಣಿನಲ್ಲಿ ಎರೆಹುಳು ಹರಿದಂಥ ಕಪ್ಪು ಸೊಟ್ಟಗೆರೆಗಳು, ಉಬ್ಬಿದ ಅಭಿಧಮನಿಗಳು ಅವು. ಎಲ್ಲರೂ ಚಿತ್ರದ ನಡುವೆ ಇದ್ದ ಡಿಸ್ಕನ್ನೇ ನೋಡಿದ್ದೆವು.

ಅದಕ್ಕೇ ಹೇಳುವುದು: ಕಾಲು ಸೋಲುತ್ತಿದೆ, ಮೂತ್ರದ ತೊಂದರೆಯೂ ಇದೆ ಅಂದರೆ ಸೊಂಟದ ಸ್ಕ್ಯಾನಿಗೆ ನಿಲ್ಲಿಸಬೇಡಿ. ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನುಹುರಿ ನೋಡಬೇಕಾ ಅಂತ ಬರೆದುಕೊಡುವ ಡಾಕ್ಟರನ್ನು ಕೇಳಿ. ಗಂಟಿನ ಅನುಮಾನ ಇದ್ದರೆ ಕಾಂಟ್ರಾಸ್ಟ್, ಅಂದರೆ ಗಂಟು ಎದ್ದು ಕಾಣಲು ರಕ್ತನಾಳಕ್ಕೆ ಚುಚ್ಚುವ ಔಷಧಿ, ಬೇಕಾಗುತ್ತದೆ. ಅದಕ್ಕೆ ಮುಂಚೆ ಮೂತ್ರಪಿಂಡ ಸರಿಯಿದೆಯಾ ಅಂತ ತಿಳಿಯಲು ರಕ್ತದಲ್ಲಿ ಕ್ರಿಯೇಟಿನಿನ್ ನೋಡುತ್ತಾರೆ. ಪೇಸ್‌ಮೇಕರ್, ಹಿಂದಿನ ಆಪರೇಷನ್ನಿನಲ್ಲಿ ಒಳಗೆ ಹಾಕಿದ ಲೋಹದ ಕ್ಲಿಪ್ಪು, ಕಣ್ಣಿಗೆ ಎಂದೋ ಹೊಕ್ಕ ವೆಲ್ಡಿಂಗ್ ಚೂರು ಇದ್ದರೆ ಮೊದಲೇ ಹೇಳಿ.

ಹೊರಬರುವಾಗ ಫಿಲ್ಮಿನ ಜೊತೆ ಸಿಡಿ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಫಿಲ್ಮಿನ ಫೋಟೊ ಕಳಿಸಿ "ಸಾರ್, ಏನಂತೀರಾ" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಸರ್ಜನ್ ನೂರಾರು ಚಿತ್ರಗಳನ್ನು ಒಂದೊಂದೇ ಸರಿಸಿ ನೋಡಬೇಕು. ಅದು ಸಿಡಿಯಲ್ಲಿ ಆಗುತ್ತದೆ, ಫೋಟೊದಲ್ಲಿ ಆಗದು.

ಮೂರನೇ ಹೆಜ್ಜೆ: ರಿಪೋರ್ಟಿನ ಮಾತನ್ನು ಅರ್ಥ ಮಾಡಿಕೊಳ್ಳುವುದು

ರಿಪೋರ್ಟಿನಲ್ಲಿ "ಲೀಶನ್" ಅಂತ ಇದ್ದರೆ ಕ್ಯಾನ್ಸರ್ ಅಂತ ಅರ್ಥವಲ್ಲ. ಇರಬಾರದ ಏನೋ ಒಂದು ಇದೆ, ಅಷ್ಟೇ. "ಎಸ್‌ಒಎಲ್" ಅಂದರೆ ಜಾಗ ಆಕ್ರಮಿಸಿಕೊಂಡ ವಸ್ತು. "ಡಿಫರೆನ್ಶಿಯಲ್" ಅಂತ ಬರೆದು ಮೂರು ಹೆಸರು ಹಾಕಿದ್ದರೆ ಆ ಮೂರರಲ್ಲಿ ಯಾವುದಾದರೂ ಇರಬಹುದು ಎಂದರ್ಥ. ಮೂರೂ ಇದೆ ಅಂತಲ್ಲ. ಒಬ್ಬ ತಾಯಿ ಮೂರು ಕಾಯಿಲೆಗೆ ಮೂರು ಹರಕೆ ಹೊತ್ತು ಬಂದಿದ್ದರು.

ಬೆನ್ನಿನ ವಿಷಯದಲ್ಲಿ ಹೆಸರಿಗಿಂತ ಜಾಗ ಮುಖ್ಯ. ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಹುರಿಯ ಹೊದಿಕೆಯ ಹೊರಗಿದ್ದರೆ ಬೇಲಿಯ ಆಚೆ ಇದ್ದ ಹಾಗೆ. ಹೊದಿಕೆಯ ಒಳಗೆ, ಆದರೆ ಹುರಿಯ ಹೊರಗೆ ಇದ್ದರೆ ಅಂಗಳದಲ್ಲಿ. ಹುರಿಯ ಒಳಗೇ ಇದ್ದರೆ ಗೋಡೆಯೊಳಗೆ. ಅಂಗಳದಲ್ಲಿ ಬೆಳೆಯುವ ಮೆನಿಂಜಿಯೋಮ, ಶ್ವಾನೋಮ ಬಹುತೇಕ ಸಾಧು ಗಂಟುಗಳು, ಕ್ಯಾನ್ಸರ್ ಅಲ್ಲ. ಹುರಿಯನ್ನು ತಳ್ಳಿರುತ್ತವೆಯೇ ಹೊರತು ಹೊಕ್ಕಿರುವುದಿಲ್ಲ. ಗೋಡೆಯೊಳಗಿನ ಎಪೆಂಡೈಮೋಮ ಅನ್ನುವ ಗಂಟಿಗೆ ಸಾಮಾನ್ಯವಾಗಿ ಒಂದು ಅಂಚು ಇರುತ್ತದೆ, ಅದನ್ನು ಹಿಡಿದು ಬಿಡಿಸಿಕೊಂಡು ಬರಬಹುದು. ಆಸ್ಟ್ರೋಸೈಟೋಮ ಅನ್ನುವ ಗಂಟಿಗೆ ಹೆಚ್ಚಾಗಿ ಆ ಅಂಚು ಇರುವುದಿಲ್ಲ. ಹಾಲಿಗೆ ಬಿದ್ದ ಡಿಕಾಕ್ಷನ್ ಹಾಗೆ ಬೆರೆತುಹೋಗಿರುತ್ತದೆ. ಒಂದೇ ಜಾಗ, ಒಂದೇ ಗಾತ್ರ ಇದ್ದರೂ ಎರಡರ ಫಲ ಬೇರೆ ಆಗುವುದು ಇದರಿಂದ.

ಇನ್ನು ಮಿದುಳಲ್ಲಿ ಕಂಡದ್ದೆಲ್ಲ ಕತ್ತರಿಸುವುದಕ್ಕಲ್ಲ. ನಮ್ಮ ದೇಶದಲ್ಲಿ ಮಿದುಳಿನ ಗಂಟು ಅಂತ ಬಂದದ್ದು ಕ್ಷಯದ ಗಂಟೋ ಲಾಡಿಹುಳುವಿನ ಮರಿಗೂಡೋ ಆಗಿರುವುದು ಸಾಮಾನ್ಯ. ಬಹುಪಾಲು ಮಾತ್ರೆಯಲ್ಲೇ ವಾಸಿಯಾಗುತ್ತದೆ. "ನಾವು ಮಾಂಸ ಮುಟ್ಟೋರಲ್ಲ, ಹುಳ ಹೇಗೆ ಬಂತು" ಅಂತ ಕೇಳುತ್ತಾರೆ. ಮೊಟ್ಟೆ ಬರುವುದು ಕೊಳಕು ನೀರು, ತೊಳೆಯದ ಸೊಪ್ಪು, ಕೈಯಿಂದ. ಮಾಂಸ ಮುಟ್ಟದವರಿಗೂ ಬರುತ್ತದೆ. ಅರಾಕ್ನಾಯ್ಡ್ ಸಿಸ್ಟ್ ಅನ್ನುವ ನೀರಿನ ಚೀಲ ಬೇರೇನಕ್ಕೋ ಮಾಡಿದ ಸ್ಕ್ಯಾನಿನಲ್ಲಿ ಅಚಾನಕ್ ಕಂಡದ್ದಾದರೆ ಹೆಚ್ಚಿನ ಸಲ ಮುಟ್ಟದೆ ಬಿಡುತ್ತಾರೆ. ಹುಟ್ಟಿನಿಂದ ಬಂದ ಅಭಿಧಮನಿಯ ವಿಚಿತ್ರ ಗೊಂಚಲೊಂದಿದೆ. ಅದು ಆರೋಗ್ಯವಂತ ಮಿದುಳಿನ ರಕ್ತವನ್ನೇ ಹೊರಗೆ ಸಾಗಿಸುತ್ತಿರುತ್ತದೆ, ಅದನ್ನು ತೆಗೆದರೇ ಅಪಾಯ.

ಕ್ಯಾವರ್ನೋಮ ಅನ್ನುವ ರಕ್ತನಾಳದ ಗೊಂಚಲಿನ ಲೆಕ್ಕ ನೋಡಿ. ಮಿದುಳಿನ ಕಾಂಡದಲ್ಲಿ (ಮಿದುಳು ಬೆನ್ನುಹುರಿಗೆ ಕೂಡುವ ಭಾಗ) ಇಲ್ಲದ, ಒಮ್ಮೆಯೂ ರಕ್ತ ಸೋರದ ಕ್ಯಾವರ್ನೋಮದಲ್ಲಿ ಐದು ವರ್ಷದೊಳಗೆ ರಕ್ತ ಸೋರುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು. ಅದೇ ಮಿದುಳಿನ ಕಾಂಡದಲ್ಲಿದ್ದು ಒಮ್ಮೆ ಸೋರಿದ್ದರೆ ನೂರಕ್ಕೆ ಮೂವತ್ತರಷ್ಟು. ಹೆಸರು ಒಂದೇ. ಮೊದಲನೆಯವರಿಗೆ ವರ್ಷಕ್ಕೊಂದು ಸ್ಕ್ಯಾನ್ ಸಾಕಾಗಬಹುದು, ಎರಡನೆಯವರು ಸರ್ಜನ್ ಎದುರು ಕೂತು ದೀರ್ಘವಾಗಿ ಮಾತಾಡಲೇಬೇಕು.

ಕಾಯಬಾರದ್ದೂ ಇವೆ. ಮಿದುಳಿನ ನಡುಮಧ್ಯದ ನೀರಿನ ದಾರಿಗೆ ಅಡ್ಡ ಕೂರುವ ಕೊಲಾಯ್ಡ್ ಸಿಸ್ಟ್ ಅನ್ನುವ ಗುಳ್ಳೆ ಕಡಲೆಕಾಳಿನಷ್ಟೇ ಇದ್ದರೂ ದಾರಿ ಮುಚ್ಚಿದರೆ ಜೀವಕ್ಕೇ ಅಪಾಯ.

ನಾಲ್ಕನೇ ಹೆಜ್ಜೆ: ಎಲ್ಲಿಗೆ, ಯಾವ ಕಾಗದ ಹಿಡಿದು

ಹಾಸನದವರಿಗೆ ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಮೊದಲ ಮೆಟ್ಟಿಲು. ಅಪರೂಪದ ಗಂಟಿನ ಆಪರೇಷನ್ ಅಲ್ಲೇ ಆಗಬೇಕೆಂದಲ್ಲ, ರೆಫರಲ್ ಪತ್ರ ಸಿಗುವುದು ಅಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮುಂಗಡ ಕಟ್ಟಿ ದಾಖಲಾದ ಮೇಲೆ ಕಾರ್ಡು ತೋರಿಸುವವರು ಪರದಾಡುವುದನ್ನು ಎಷ್ಟು ನೋಡಿದ್ದೇನೋ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ. ಹಾಲಿನ ಡೇರಿ ಅಥವಾ ಸೊಸೈಟಿಯ ಸದಸ್ಯರು ಸಹಕಾರಿಗಳ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡನ್ನೂ ಹಿಡಿಯಿರಿ. ಅದರ ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ, ಕಾಯಿಲೆ ಬಂದ ಮೇಲೆ ಓಡಿದರೆ ಸಿಗುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಹೆಸರು ಎಲ್ಲರ ಬಾಯಲ್ಲಿದೆ. ಆ ಸಂಸ್ಥೆ ಈಗಿನ ರೂಪಕ್ಕೆ ಬಂದದ್ದು 1974ರಲ್ಲಿ. ಬರೀ ಮಾನಸಿಕ ಕಾಯಿಲೆಗೆ ಅಂತ ಇನ್ನೂ ಕೆಲವರು ಅಂದುಕೊಂಡಿದ್ದಾರೆ. "ಅಲ್ಲಿಗ್ಯಾಕೆ, ನಮ್ಮವನಿಗೇನು ತಲೆ ಕೆಟ್ಟಿದೆಯಾ" ಅಂತ ಜಗಳ ಆಡಿದ ಮನೆಯೂ ಉಂಟು. ನರಶಸ್ತ್ರಚಿಕಿತ್ಸೆ, ಗಾಮಾ ನೈಫ್ ಅನ್ನುವ ವಿಕಿರಣ ಚಿಕಿತ್ಸೆ, ಆಮೇಲಿನ ಪುನಶ್ಚೇತನ ಎಲ್ಲ ಅಲ್ಲಿದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಂಗಳೂರು, ಮಣಿಪಾಲವೂ ಹತ್ತಿರ. ಆದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಯನ್ನು ನಂಬಿ ಕೂರಬೇಡಿ. ಜುಲೈನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಆಂಬುಲೆನ್ಸೂ ಸಿಕ್ಕಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಹಾಸನದಿಂದ ಬೆಂಗಳೂರಿನ ನಾಲ್ಕು ಗಂಟೆಯ ದಾರಿಯೇ ಭರವಸೆ.

ಸರ್ಜನನ್ನು ಆರಿಸುವಾಗ ಕಟ್ಟಡದ ಗಾಜು ನೋಡಬೇಡಿ. ಈ ಜಾಗದ ಇಂಥದ್ದನ್ನು ಎಷ್ಟು ಮಾಡಿದ್ದೀರಿ ಅಂತ ಕೇಳಿ. ಅಪರೂಪದ ಕಾಯಿಲೆಯಲ್ಲಿ ಕೈ ಪಳಗುವುದು ಅಂಥವು ಹೆಚ್ಚು ಬಂದು ಸೇರುವ ಕಡೆ ಮಾತ್ರ. ಎರಡನೇ ಅಭಿಪ್ರಾಯ ಒಂದು ಸಾಕು, ಹೆಚ್ಚೆಂದರೆ ಎರಡು. ಐದು ಆಸ್ಪತ್ರೆ ಸುತ್ತಿದವರು ಐದು ವಾರ ಕಳೆದಿರುತ್ತಾರೆ. ಅಷ್ಟರಲ್ಲಿ ಕೋಲು ಹಿಡಿದು ನಡೆಯುತ್ತಿದ್ದವರು ಗಾಲಿಕುರ್ಚಿಗೆ ಬಂದಿರುತ್ತಾರೆ. ಬೆನ್ನುಹುರಿಯ ಆಪರೇಷನ್ನಿನ ಫಲವನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಆಪರೇಷನ್ನಿಗೆ ಹೋದ ದಿನ ರೋಗಿ ಯಾವ ಸ್ಥಿತಿಯಲ್ಲಿದ್ದ ಅನ್ನುವುದು. ನಡೆದುಕೊಂಡು ಹೋದವರು ನಡೆದುಕೊಂಡು ಬರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದು ಹೋದವರಲ್ಲಿ ಅಂಥ ನಿರೀಕ್ಷೆ ಇಡಲಾಗದು. ಇಷ್ಟೂ ಬರೆಯುತ್ತಿರುವುದು ಈ ಒಂದು ಮಾತಿಗೆ.

ಆದ್ದರಿಂದ ಕಾಯುವ ದಿನಗಳಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾ ಬೆಳಿಗ್ಗೆ: ಬಾಗಿಲಿಂದ ತುಳಸಿಕಟ್ಟೆವರೆಗೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು, ಆಸರೆ ಬೇಕಾಯಿತಾ. ಮೂತ್ರ ಎಷ್ಟು ಸಲ, ತಡವಾಯಿತಾ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಎಷ್ಟು ಸಲ ನಿಂತರು. ವಾರದಲ್ಲಿ ಅಂಕಿ ಇಳಿಯುತ್ತಿದ್ದರೆ ಆ ಹಾಳೆ ತೋರಿಸಿ ದಿನಾಂಕ ಮುಂದಕ್ಕೆ ತರಲು ಕೇಳಿ. "ತುಂಬ ಕಷ್ಟ ಆಗಿದೆ ಸಾರ್" ಅನ್ನುವುದಕ್ಕಿಂತ "ಸೋಮವಾರ ಮೂವತ್ತು ಹೆಜ್ಜೆ, ಇವತ್ತು ಹನ್ನೊಂದು" ಅನ್ನುವುದಕ್ಕೆ ಬಲ ಹೆಚ್ಚು.

ಐದನೇ ಹೆಜ್ಜೆ: ಸರ್ಜನ್ ಎದುರು ಕೇಳಬೇಕಾದ್ದು

ಹತ್ತು ನಿಮಿಷ ಸಿಗುತ್ತದೆ. ಮನೆಯಿಂದ ಬರೆದುಕೊಂಡು ಹೋಗಿ, ಇಬ್ಬರೇ ಹೋಗಿ. ಏಳು ಜನ ನೆಂಟರು ಒಳನುಗ್ಗಿದರೆ ಯಾರೂ ಏನೂ ಕೇಳಿಸಿಕೊಳ್ಳುವುದಿಲ್ಲ.

ಆಪರೇಷನ್ ಮಾಡದಿದ್ದರೆ ಏನಾಗುತ್ತದೆ, ಎಷ್ಟು ದಿನದಲ್ಲಿ? ಪೂರ್ತಿ ತೆಗೆಯುವ ಉದ್ದೇಶವಾ, ಪರೀಕ್ಷೆಗೆ ಚೂರು ತೆಗೆಯುವುದಾ, ಬರೀ ಒತ್ತಡ ಇಳಿಸುವುದಾ? ಬೇರೆ ದಾರಿ ಇದೆಯಾ? ಫಿಸ್ಟುಲವನ್ನು ತೊಡೆಸಂದಿಯಿಂದ ಕೊಳವೆ ಹಾಯಿಸಿ ಅಂಟು ಬಿಟ್ಟು ಮುಚ್ಚಬಹುದು, ಇಲ್ಲವೇ ತೆರೆದು ಕ್ಲಿಪ್ ಹಾಕಬಹುದು. ಮೂರು ಸೆಂಟಿಮೀಟರಿಗಿಂತ ಚಿಕ್ಕ ಕೆಲವು ಗಂಟುಗಳಿಗೆ ಗಾಮಾ ನೈಫ್ ಸಾಕಾಗಬಹುದು. ಅದು ಹೆಸರಿಗೆ ಚಾಕು, ಕತ್ತರಿಸುವುದೇನೂ ಇಲ್ಲ, ವಿಕಿರಣ. ಹುರಿಯ ಒಳಗಿನ ಆಪರೇಷನ್ ಆದರೆ ಉದ್ದಕ್ಕೂ ಕೈಕಾಲಿನ ನರದ ಸಂಕೇತ ನೋಡುವ ಮಾನಿಟರಿಂಗ್ ಇರುತ್ತದಾ ಅಂತಲೂ ಕೇಳಿ. ಸಂಕೇತ ಕುಗ್ಗಿದರೆ ಸರ್ಜನ್ ಅಲ್ಲಿಗೆ ಕೈ ತಡೆಯುತ್ತಾರೆ.

ಕೊನೆಯ ಪ್ರಶ್ನೆಯೇ ಕಷ್ಟದ್ದು: "ಎಲ್ಲ ಚೆನ್ನಾಗಿ ಆದರೂ ಯಾವುದು ವಾಪಸ್ ಬರಲಿಕ್ಕಿಲ್ಲ?" ಇದನ್ನು ಕೇಳಿದ ಮನೆಯವರು ಆಮೇಲೆ ಡಾಕ್ಟರ ಜೊತೆ ಜಗಳ ಆಡಿದ್ದನ್ನು ನಾನು ನೋಡಿಲ್ಲ.

ಹೊರಡುವ ಮುಂಚೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ, ಕಷಾಯ ಯಾವುದಿದ್ದರೂ ಹೇಳಿಬಿಡಿ, ಮುಚ್ಚಿಡಬೇಡಿ. ಯಾವುದನ್ನು ಎಂದು ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ. ಊದು ಇಳಿಸಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಿದ್ದರೆ ಸಕ್ಕರೆ ಏರುತ್ತದೆ, ಮತ್ತೆ ಮತ್ತೆ ಪರೀಕ್ಷಿಸಿ. ತಾನಾಗಿ ಥಟ್ಟನೆ ನಿಲ್ಲಿಸಬೇಡಿ. ಮಿದುಳಿನ ಲಿಂಫೋಮ ಅನ್ನುವ ಒಂದು ಬಗೆಯ ಕ್ಯಾನ್ಸರಿನ ಅನುಮಾನ ಇದ್ದರೆ ಬಯಾಪ್ಸಿಗೆ ಮುಂಚೆ ಇದೇ ಸ್ಟೀರಾಯ್ಡ್ ಗಂಟನ್ನು ಕರಗಿಸಿ ಪರೀಕ್ಷೆಗೇ ಸಿಗದಂತೆ ಮಾಡುತ್ತದೆ. ಊರಿನ ಅಂಗಡಿಯಿಂದ ತಂದು ನುಂಗುವ ಮಾತ್ರೆ ಇದಲ್ಲ. ರಕ್ತ ಕೊಡಲು ಇಬ್ಬರು ಗಟ್ಟಿ ಹುಡುಗರನ್ನು ಜೊತೆಗೆ ಕರೆದೊಯ್ಯಿರಿ.

ಆರನೇ ಹೆಜ್ಜೆ: ಬಾಗಿಲ ಹೊರಗಿನ ಗಂಟೆಗಳು

ಹುರಿಯ ದಪ್ಪ ನಿಮ್ಮ ಕಿರುಬೆರಳಿನಷ್ಟು. ಮೈಕ್ರೋಸ್ಕೋಪಿನ ಕೆಳಗೆ ಅದರೊಳಗಿಂದ ಗಂಟು ಬಿಡಿಸಲು ಆರು, ಎಂಟು ಗಂಟೆ ಹಿಡಿಯಬಹುದು. ತಡವಾಯಿತು ಅಂದರೆ ಕೆಟ್ಟಿತು ಅಂತಲ್ಲ.

ಇಲ್ಲಿ ಒಂದು ಹಳೆಯ ಕಥೆ. 1887ರಲ್ಲಿ ಲಂಡನ್ನಿನಲ್ಲಿ ಸೇನೆಯ ಒಬ್ಬ ಕ್ಯಾಪ್ಟನ್ನಿಗೆ ವರ್ಷಗಟ್ಟಲೆ ಬೆನ್ನುನೋವು, ಕೊನೆಗೆ ಕಾಲು ಎರಡೂ ಬಿದ್ದುಹೋದವು. ಎಂಆರ್‌ಐ ಬಿಡಿ, ಎಕ್ಸ್‌ರೇ ಕೂಡ ಇಲ್ಲದ ಕಾಲ. ವಿಲಿಯಂ ಗವರ್ಸ್ ಅನ್ನುವ ವೈದ್ಯರು ಮೈ ಮುಟ್ಟಿ ಪರೀಕ್ಷಿಸಿಯೇ ಗಂಟು ಇರುವ ಜಾಗವನ್ನು ಊಹಿಸಿದರು. ಸರ್ಜನ್ ವಿಕ್ಟರ್ ಹಾರ್ಸ್ಲಿ ಬೆನ್ನು ತೆರೆದರು. ಮೊದಲು ತೆರೆದ ಕಡೆ ಗಂಟು ಕಾಣಲಿಲ್ಲ, ಇನ್ನೊಂದಿಷ್ಟು ಮೇಲೆ ಹೋದಾಗ ಸಿಕ್ಕಿತು. ಆ ಮನುಷ್ಯ ಮತ್ತೆ ಎದ್ದು ಓಡಾಡಿದ. ಬೆನ್ನುಹುರಿಯ ಗಂಟನ್ನು ಯಶಸ್ವಿಯಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ ಅಂತ ಅದನ್ನು ನೆನೆಯುತ್ತಾರೆ. ಸೊಂಟದ ಫಿಲ್ಮು ಕೈಯಲ್ಲಿ ಹಿಡಿದೂ ಮೇಲೆ ನೋಡದಿದ್ದ ನನಗೆ ಈ ಕಥೆ ಓದಿದಾಗ ನಾಚಿಕೆಯಾಯಿತು.

ಕಡೂರು, ಅರಸೀಕೆರೆ ಕಡೆ ಕುರಿ ಸಾಕುವವರಿಗೆ ಒಂದು ಮಾತು ಸೇರಿಸುತ್ತೇನೆ. ಹೈಡಾಟಿಡ್ ಅನ್ನುವ ನೀರುಗುಳ್ಳೆ ಹೆಚ್ಚಾಗಿ ಯಕೃತ್ತು, ಶ್ವಾಸಕೋಶದಲ್ಲಿ ಬೆಳೆಯುತ್ತದೆ, ಮಿದುಳಿಗೆ ಹೋಗುವುದು ನೂರಕ್ಕೆ ಒಂದೆರಡು ಜನರಲ್ಲಿ. ಗುಳ್ಳೆ ಒಡೆದರೆ ಒಳಗಿನ ದ್ರವದಿಂದ ತೀವ್ರ ಅಲರ್ಜಿಯಾಗಬಹುದು, ಮರಿಗುಳ್ಳೆಗಳು ಹರಡಬಹುದು. ಹಾಗಾಗಿ ಅದನ್ನು ಚಿಮಟದಲ್ಲಿ ಹಿಡಿದು ಎಳೆಯುವುದಿಲ್ಲ. ಗುಳ್ಳೆಗೂ ಮಿದುಳಿಗೂ ನಡುವೆ ಮೆಲ್ಲಗೆ ಸಲೈನ್ ಹಾಯಿಸಿ, ತಲೆಯ ಭಾಗವನ್ನು ತಗ್ಗಿಸಿ, ಅದು ತಾನಾಗಿ ತೇಲಿ ಹೊರಗೆ ಜಾರುವ ಹಾಗೆ ಮಾಡುತ್ತಾರೆ. ಡೌಲಿಂಗ್ ವಿಧಾನ ಅಂತ ಅದಕ್ಕೆ ಹೆಸರು. ಇಡಿಯಾಗಿ ಬಂದರೆ ಫಲ ಬಹಳ ಒಳ್ಳೆಯದು. ಈ ಹುಳು ಸುತ್ತುವುದು ಕುರಿಯಿಂದ ನಾಯಿಗೆ, ನಾಯಿಯಿಂದ ಮತ್ತೆ ಕುರಿಗೆ, ನಡುವೆ ಸಿಕ್ಕಿಬೀಳುವವರು ನಾವು. ಕುರಿ ಕೊಯ್ದಾಗ ಗುಳ್ಳೆ ಇರುವ ಈಲಿ, ಪುಪ್ಪಸವನ್ನು ಹಟ್ಟಿಯ ನಾಯಿಗೆ ಎಸೆಯಬೇಡಿ. ನಾಯಿಗೆ ಜಂತುಹುಳುವಿನ ಮಾತ್ರೆ ಹಾಕಿಸಿ.

ಏಳನೇ ಹೆಜ್ಜೆ: ಬಯಾಪ್ಸಿ ರಿಪೋರ್ಟು

ತೆಗೆದ ಗಂಟು ಫಾರ್ಮಲಿನ್‌ನಲ್ಲಿ ಹೋಗಿ, ಮೇಣದ ಬ್ಲಾಕ್ ಆಗಿ, ತೆಳುವಾದ ಸ್ಲೈಡ್ ಆಗುತ್ತದೆ. ಅಪರೂಪದ್ದಾದರೆ ವಾರಗಳೇ ಹಿಡಿಯಬಹುದು. ರಿಪೋರ್ಟಿನ ಜೊತೆ ಬ್ಲಾಕನ್ನೂ ಪಡೆಯಲು ಅರ್ಜಿ ಕೊಟ್ಟಿರಿ. ಎರಡನೇ ಪೆಥಾಲಜಿಸ್ಟ್ ನೋಡಬೇಕೆಂದರೆ ಅದೇ ಬೇಕು. ಗ್ರೇಡ್ ಅನ್ನುವುದನ್ನು ಕ್ಯಾನ್ಸರಿನ ಸ್ಟೇಜ್ ಅಂದುಕೊಳ್ಳಬೇಡಿ. ಗ್ರೇಡ್ ಹೇಳುವುದು ಗಂಟಿನ ಸ್ವಭಾವವನ್ನು. ಮುಂದೆ ವಿಕಿರಣ ಬೇಕಾ, ಬರೀ ಸ್ಕ್ಯಾನ್ ಸಾಕಾ ಅನ್ನುವುದು ಇದರ ಮೇಲೆ.

ಎಂಟನೇ ಹೆಜ್ಜೆ: ಮನೆಗೆ ಬಂದ ಮೇಲೆ

ಇದು ನನ್ನ ಕೆಲಸದ ಜಾಗ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಹುರಿಯೊಳಗಿನ ಗಂಟು ತೆಗೆಸಿದವರು ಮೊದಲ ವಾರಗಳಲ್ಲಿ ಮೊದಲಿಗಿಂತ ಕೆಟ್ಟಿರುವುದು ಸಾಮಾನ್ಯ. ಹುರಿಯನ್ನು ಹಿಂಭಾಗದ ನಟ್ಟನಡುವೆ ಸೀಳಿ ಒಳಹೋಗುತ್ತಾರೆ. ಕಾಲು ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಒಯ್ಯುವ ತಂತುಗಳು ಇರುವುದು ಅಲ್ಲೇ. ಬಲ ಇದ್ದರೂ ಕಾಲು ಎಲ್ಲಿ ಬಿದ್ದಿತೆಂದು ತಿಳಿಯುವುದಿಲ್ಲ. ಚನ್ನರಾಯಪಟ್ಟಣ ಕಡೆಯ ಒಬ್ಬ ಹೆಂಗಸು "ಹತ್ತಿ ಮೇಲೆ ನಡೆದಂಗಾಯ್ತದೆ, ನೆಲವೇ ಇಲ್ಲ" ಅಂತ ಅತ್ತಿದ್ದರು. ಅವರಿಗೆ ಮೊದಲು ದೊಡ್ಡ ಕನ್ನಡಿ ಎದುರು ನಿಂತು ಕಾಲು ನೋಡಿಕೊಂಡು ಹೆಜ್ಜೆ ಇಡಲು ಹೇಳಿಕೊಟ್ಟೆ. ಆಮೇಲೆ ಒಂದು ಬೋಗುಣಿಯಲ್ಲಿ ರಾಗಿ, ಇನ್ನೊಂದರಲ್ಲಿ ಕಾಫಿಬೀಜ. ಕಣ್ಣು ಮುಚ್ಚಿ ಪಾದ ಇಳಿಸಿ ಯಾವುದು ಅಂತ ಹೇಳಬೇಕು. ಮೂರು ತಿಂಗಳಿಗೆ ರಾಗಿ ಗೊತ್ತಾಯಿತು. ಕತ್ತಲಲ್ಲಿ ನಡೆಯುವುದು ಇನ್ನೂ ಕಷ್ಟ, ಬಚ್ಚಲಿನ ಲೈಟು ರಾತ್ರಿಯೆಲ್ಲ ಉರಿಯುತ್ತದೆ.

ಸ್ಪರ್ಶ ಇಲ್ಲದ ಕಾಲಿಗೆ ಬಚ್ಚಲೊಲೆಯ ನೀರು ಶತ್ರು. ಮೊಣಕೈ ಅದ್ದಿ ನೋಡಿ ಆಮೇಲೆ ಹೊಯ್ದುಕೊಳ್ಳಿ. ಬಿಸಿನೀರಿನ ಚೀಲ ಬೇಡವೇ ಬೇಡ. ಮಲೆನಾಡಿನವರು ಸಂಜೆ ಪಾದವನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಇಂಬಳ ಕಚ್ಚಿ ರಕ್ತ ಸುರಿದರೂ, ಮುಳ್ಳು ಚುಚ್ಚಿ ಕೀವಾದರೂ ಗೊತ್ತಾಗುವುದಿಲ್ಲ.

ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ ಕೂಡ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪು ಕಂಡು ಒತ್ತಿದರೂ ಮಾಸದಿದ್ದರೆ ಹುಣ್ಣಿನ ಆರಂಭ ಅದು. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ತೋರಿಸಿ. ಗಾಯದಿಂದ ಅಥವಾ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಜ್ವರದ ಜೊತೆ ಕತ್ತು ಬಿಗಿದರೆ ಆಪರೇಷನ್ ಮಾಡಿದ ಕಡೆಗೇ ಅದೇ ದಿನ ಹೊರಡಿ. ಫಿಟ್ಸಿನ ಮಾತ್ರೆಯನ್ನು ಹಬ್ಬ, ಉಪವಾಸ ಅಂತ ಬಿಡಬೇಡಿ.

ಮೂತ್ರದ ವಿಷಯ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಕಾಲು ಬಂದಷ್ಟು ಬೇಗ ಮೂತ್ರದ ಹಿಡಿತ ಬರುವುದಿಲ್ಲ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಯಾವಾಗಲೂ ಕೊಳವೆ, ಚೀಲ ಹಾಕಿಕೊಂಡಿರುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ತಾವೇ ತೆಳ್ಳನೆಯ ಕೊಳವೆ ಹಾಕಿ ಖಾಲಿ ಮಾಡಿ ತೆಗೆಯುವುದು ಮೂತ್ರಪಿಂಡಕ್ಕೆ ಒಳ್ಳೆಯದು. ಕಲಿಯಲು ಎರಡು ದಿನ ಸಾಕು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ಈಗ ಮದುವೆ ಮನೆಗೂ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ.

ಫಲ ಹೇಗಿರುತ್ತದೆ?

ಬೆನ್ನಿನ ಮೆನಿಂಜಿಯೋಮ ನನಗೆ ಅತ್ಯಂತ ಖುಷಿ ಕೊಡುವ ಕಾಯಿಲೆ. ಹೆಚ್ಚಾಗಿ ವಯಸ್ಸಾದ ಹೆಂಗಸರಿಗೆ ಬರುತ್ತದೆ. "ಈ ವಯಸ್ಸಿಗೆ ಆಪರೇಷನ್ ಯಾಕೆ" ಅಂತ ಮನೆಯವರು ಹಿಂಜರಿಯುತ್ತಾರೆ. ಎಪ್ಪತ್ತು ದಾಟಿದವರೂ ಮತ್ತೆ ನಡೆಯುತ್ತಾರೆ. ಎಪೆಂಡೈಮೋಮ ಪೂರ್ತಿ ಬಂದರೆ ಮರುಕಳಿಸುವುದು ಕಡಿಮೆ. ಸೀಳುಹುರಿಯ ಮಕ್ಕಳಲ್ಲಿ ಆಪರೇಷನ್ನಿನ ಉದ್ದೇಶ ಮುಂದೆ ಕೆಡದಂತೆ ತಡೆಯುವುದು. ಆಗಲೇ ಸೊಟ್ಟಗಾದ ಪಾದ ಅದರಿಂದ ನೆಟ್ಟಗಾಗದು. ಮಿದುಳಿನ ತಳದಲ್ಲಿ ಹಾರ್ಮೋನ್ ಗ್ರಂಥಿಯ ಪಕ್ಕ ಬೆಳೆಯುವ ಕ್ರೇನಿಯೋಫ್ಯಾರಿಂಜಿಯೋಮ ಗಂಟನ್ನು ತೆಗೆಸಿದ ಮಗುವಿಗೆ ಜೀವನಪೂರ್ತಿ ಹಾರ್ಮೋನ್ ಮಾತ್ರೆ ಬೇಕಾಗುವುದೇ ಹೆಚ್ಚು. ಜ್ವರ, ವಾಂತಿ ಬಂದಾಗ ಸ್ಟೀರಾಯ್ಡ್ ಡೋಸು ಹೆಚ್ಚಿಸುವುದು ಹೇಗೆಂದು ಬರೆಸಿಕೊಂಡು ಶಾಲೆಯ ಬ್ಯಾಗಿನಲ್ಲಿಡಿ. ತಲೆಬುರುಡೆಯ ತಳ, ಬೆನ್ನಿನ ಮೂಳೆಯಲ್ಲಿ ಹುಟ್ಟುವ ಕಾರ್ಡೋಮ ಗಂಟು ಮೆಲ್ಲಗೆ ಬೆಳೆದರೂ ಹಟಮಾರಿ, ಮರಳಿ ಬರುವ ಚಾಳಿ ಇದೆ, ವಿಕಿರಣವೂ ಬೇಕಾಗುತ್ತದೆ.

ದೊಡ್ಡಪ್ಪನ ಫಿಸ್ಟುಲಕ್ಕೆ ತೊಡೆಸಂದಿಯಿಂದ ಆಂಜಿಯೋಗ್ರಾಮ್ ಮಾಡಿದಾಗ ಎಡಬದಿಯ ಎಂಟನೇ ಪಕ್ಕೆಲುಬಿನ ಮಟ್ಟದಲ್ಲಿ ಮೂಲ ಸಿಕ್ಕಿತು. ಒಂದು ಕ್ಲಿಪ್ ಹಾಕಿದರು. ಎರಡನೇ ವಾರಕ್ಕೆ ಕಾಲಿನ ಹೆಬ್ಬೆರಳು ಅಲುಗಿತು, ಐದನೇ ತಿಂಗಳಿಗೆ ವಾ‌ಕರ್, ಒಂದು ವರ್ಷಕ್ಕೆ ಕೋಲು. ಏರು ಹತ್ತಲಾಗುವುದಿಲ್ಲ. ಕಣದಲ್ಲಿ ಕುರ್ಚಿ ಹಾಕಿಕೊಂಡು ಕೂತು ಬೀಜ ಹರವಿದ್ದು ಸರಿಯಿಲ್ಲ ಅಂತ ಬೈಯುತ್ತಾರೆ. ಟ್ರಾಕ್ಷನ್ ಹಾಕಿದ ಹನ್ನೆರಡು ದಿನ ಮೊದಲೇ ಹೋಗಿದ್ದರೆ ಕೋಲು ಬೇಕಾಗುತ್ತಿತ್ತಾ ಅಂತ ಅವರು ಕೇಳಿಲ್ಲ. ನಾನೂ ಆ ಮಾತು ತೆಗೆದಿಲ್ಲ.

ಕೊನೆಯ ಹೆಜ್ಜೆ: ಸ್ಕ್ಯಾನಿನ ತಾರೀಕು, ಕಾರ್ಡು

ಏನಾದರೂ ಉಳಿದಿದೆಯಾ ಎಂದು ನೋಡಲು ಮಿದುಳಿನ ಗಂಟಿಗೆ ಆಪರೇಷನ್ ಆದ ಎರಡು ಮೂರು ದಿನದೊಳಗೇ ಎಂಆರ್‌ಐ ಮಾಡುವುದು ವಾಡಿಕೆ. ಅದರ ಸಿಡಿಯನ್ನೂ ಜೋಪಾನ ಮಾಡಿ, ಮುಂದಿನದನ್ನೆಲ್ಲ ಅದಕ್ಕೆ ಹೋಲಿಸುತ್ತಾರೆ. ಆಮೇಲೆ ಕೆಲವು ತಿಂಗಳಿಗೊಂದು, ಬಳಿಕ ವರ್ಷಕ್ಕೊಂದು. ಚೆನ್ನಾಗಿದ್ದೇವೆ ಅಂತ ಬಿಟ್ಟವರಲ್ಲೇ ಮರುಕಳಿಕೆ ತಡವಾಗಿ ಗೊತ್ತಾಗುವುದು.

ಆರು ತಿಂಗಳು ಕಳೆದೂ ಬಲ ಪೂರ್ತಿ ಬಾರದಿದ್ದರೆ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2016ರ ಕಾಯ್ದೆಯ 21 ಬಗೆಗಳಲ್ಲಿ ಚಲನೆಯ ತೊಂದರೆ, ದೀರ್ಘಕಾಲದ ನರರೋಗ ಎರಡೂ ಸೇರಿವೆ. ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ. ಆಧಾರ್, ಫೋಟೊ, ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ರಿಪೋರ್ಟು ಇಷ್ಟರ ಎರಡೆರಡು ಜೆರಾಕ್ಸ್ ಒಯ್ಯಿರಿ, ಬೆಳಿಗ್ಗೆ ಬೇಗ ಹೋಗಿ. ಗಾಲಿಕುರ್ಚಿಯಲ್ಲಿ ಬಂದವರನ್ನು ಸಾಲಿನಲ್ಲಿ ಮುಂದೆ ಬಿಡುತ್ತಾರೆ, ಕೇಳಬೇಕಷ್ಟೇ.